ಮುಗಿದ ಪುಸ್ತಕಕ್ಕೆ ಹೆದರಿದವನು

ಹೆದರುವುದಕ್ಕೂ ಮೈಯಲ್ಲಿ ಒಂದಿಷ್ಟು ತ್ರಾಣ ಬೇಕು. ಇದು ನನಗೆ ಐವತ್ತಾರನೆಯ ವಯಸ್ಸಿನಲ್ಲಿ ತಿಳಿಯಿತು. ಹರೆಯದಲ್ಲಿ ಹಾವು, ಪರೀಕ್ಷೆ, ಮಾವನವರು ಹೀಗೆ ಯಾವುದಕ್ಕೆ ಬೇಕಾದರೂ ಹೆದರಿ, ಒಂದು ತಂಬಿಗೆ ನೀರು ಕುಡಿದು ಮತ್ತೆ ನೆಟ್ಟಗಾಗುತ್ತಿದ್ದೆ. ಈಗ ಹಾಗಲ್ಲ. ಒಮ್ಮೆ ಹೆದರಿದರೆ ಎರಡು ದಿನ ಮೊಣಕಾಲು ನೋಯುತ್ತವೆ. ಅಂಥದ್ದರಲ್ಲಿ ಹೋದ ಚಳಿಗಾಲದಲ್ಲಿ ನಾನು ಎಂಟು ದಿನ ಒಂದೇ ಸಮನೆ ಹೆದರಿಕೊಂಡಿದ್ದೆ, ಅದೂ ಕೈಯಲ್ಲೊಂದು ಕಾದಂಬರಿ ಹಿಡಿದುಕೊಂಡು. ಆ ದಣಿವು ಇನ್ನೂ ಪೂರ್ತಿ ಇಳಿದಿಲ್ಲ. ಬರೆದರೆ ಇಳಿದೀತೇನೋ ಎಂದು ಬರೆಯುತ್ತಿದ್ದೇನೆ.

ನಾನು ದನದ ದವಾಖಾನೆಯವನು. ಕಾಗದದ ಮೇಲೆ ಪಶುವೈದ್ಯ ಪರೀಕ್ಷಕ, ಹಳ್ಳಿಯವರ ಬಾಯಲ್ಲಿ ಡಾಕ್ಟರು. ಮನೆ ಕುಂದಗೋಳದಲ್ಲಿ, ದವಾಖಾನೆ ಅಲ್ಲಿಂದ ಅರ್ಧ ತಾಸಿನ ಬಸ್ಸಿನ ದಾರಿಯಲ್ಲಿರುವ ಹಳ್ಳಿಯಲ್ಲಿ. ಮೂವತ್ತು ವರ್ಷದಲ್ಲಿ ನಾನು ಸೂಜಿ ಚುಚ್ಚಿದ ಎತ್ತು ಎಮ್ಮೆಗಳನ್ನು ಸಾಲಾಗಿ ನಿಲ್ಲಿಸಿದರೆ ಹುಬ್ಬಳ್ಳಿ ಮುಟ್ಟಬಹುದು. ಆದರೆ ಆ ಸೂಜಿಯ ತುದಿ ನನ್ನ ಕಡೆ ತಿರುಗಿದರೆ ನನಗೆ ಕಣ್ಣು ಕತ್ತಲೆ ಬರುತ್ತದೆ. ಒಮ್ಮೆ ರಕ್ತ ಕೊಡಲು ಹೋಗಿ, ಕೊಡುವ ಮೊದಲೇ ಬಿದ್ದು, ನರ್ಸು ನನಗೇ ಗ್ಲೂಕೋಸ್ ಹಚ್ಚಿದ್ದು ಇಲಾಖೆಯಲ್ಲಿ ಇನ್ನೂ ಯಾರೂ ಮರೆತಿಲ್ಲ.

ದವಾಖಾನೆ ಇರುವ ಹಳ್ಳಿಯ ಶಾಲೆಯಲ್ಲಿ ಆ ಚಳಿಗಾಲದಲ್ಲಿ ಹಲ್ಲಿನ ತಪಾಸಣೆಯ ಕ್ಯಾಂಪು ನಡೆಯಿತು. ಹುಬ್ಬಳ್ಳಿಯಿಂದ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಬಂದಿದ್ದಳು. ಜನ ಬಂದಿದ್ದರು, ಆದರೆ ಕುರ್ಚಿಯ ಮೇಲೆ ಕೂಡಲು ಯಾರೂ ತಯಾರಿರಲಿಲ್ಲ. ಯಲ್ಲಪ್ಪನೆಂಬ ರೈತ, ನನ್ನ ದವಾಖಾನೆಯ ಖಾಯಂ ಗಿರಾಕಿ, ನನ್ನ ಬೆನ್ನಿಗೆ ಕೈ ಹಚ್ಚಿ, "ಮೊದಲ ನೀವು ಕೂಡ್ರಿ ಡಾಕ್ಟ್ರ. ನಿಮ್ಮನ್ನ ನೋಡಿ ಉಳದವ್ರು ಕೂಡ್ತಾರ" ಎಂದ. ಹಿಂಡಿನ ಮುಂದೆ ಒಂದು ಹಳೆಯ ಎತ್ತನ್ನು ನಡೆಸಿದರೆ ಉಳಿದವು ಹಿಂದೆ ಬರುತ್ತವೆಂದು ಅವನಿಗೆ ಹೇಳಿಕೊಟ್ಟವನು ನಾನೇ. ಕುಳಿತೆ. ಬಾಯಿ ತೆರೆದೆ. ಡಾಕ್ಟರಮ್ಮ ಬ್ಯಾಟರಿ ಬಿಟ್ಟು ನೋಡಿದಳು. ಎಡಗಲ್ಲದ ಒಳಗೆ ಬೆರಳಿಟ್ಟಳು. ಅವಳ ನಗು ನಿಂತಿತು.

"ತಂಬಾಕು ಹಾಕ್ತೀರಾ ಸರ್?" ಎಂದು ಕೇಳಿದಳು. ಬಾಯಲ್ಲಿ ಬೆರಳಿದ್ದಾಗ ಸುಳ್ಳು ಹೇಳಲು ಬರುವುದಿಲ್ಲ. "ಇಲ್ಲೊಂದು ಬಿಳಿ ಕಲೆ ಇದೆ. ಹುಬ್ಬಳ್ಳಿಗೆ ಬಂದು ತೋರಿಸಿಕೊಳ್ಳಿ. ತಡ ಮಾಡಬೇಡಿ." ಕುರ್ಚಿಯಿಂದ ಎದ್ದಾಗ ನನ್ನ ಮುಖ ಹೇಗಿತ್ತೋ ನನಗೆ ಗೊತ್ತಿಲ್ಲ. ನನ್ನ ಹಿಂದೆ ಸಾಲುಗಟ್ಟಿದವರಲ್ಲಿ ಅರ್ಧ ಜನ ಮನೆಗೆ ಹೋದರು. ಯಲ್ಲಪ್ಪ ಎಲ್ಲರಿಗಿಂತ ಮೊದಲು ಹೋಗಿದ್ದ.

ಇಲ್ಲಿ ಇನ್ನೊಂದು ತಪ್ಪೊಪ್ಪಿಗೆ ಬೇಕು. ಮಗಳ ಮದುವೆಯ ವರ್ಷ ನನ್ನ ಹೆಂಡತಿ ಗಿರಿಜಾ ದೇವರ ಮುಂದೆ ನನ್ನ ಕೈಯಲ್ಲಿ ವಿಭೂತಿ ಇಟ್ಟು, ತಂಬಾಕು ಬಿಡುತ್ತೇನೆಂದು ಮಾತು ತೆಗೆದುಕೊಂಡಿದ್ದಳು. ಬಿಟ್ಟೆ. ಹದಿನೇಳು ದಿನ ಬಿಟ್ಟಿದ್ದೆ. ಆಮೇಲೆ ಮನೆಯಲ್ಲಿ ತಿನ್ನುವುದನ್ನು ಮಾತ್ರ ಬಿಟ್ಟೆ. ಇಲಾಖೆ ಕೊಟ್ಟ ಗಂಬೂಟುಗಳು ಮನೆಯ ಹಿಂಬಾಗಿಲಲ್ಲಿ ಇರುತ್ತಿದ್ದವು. ತಂಬಾಕಿನ ಪುಡಿಕೆ ಅವುಗಳಲ್ಲಿ ಒಂದರೊಳಗೆ. ಸಗಣಿ ಮೆತ್ತಿದ ಗಂಬೂಟಿಗೆ ಕೈ ಹಾಕುವವರು ಮನೆಯಲ್ಲಿ ಯಾರಿದ್ದಾರೆ ಎಂಬ ಧೈರ್ಯದಲ್ಲಿ ಆರು ವರ್ಷ ಕಳೆದಿದ್ದೆ. ಈಗ ಗಲ್ಲದ ಕಲೆಯ ವಿಷಯ ಹೇಳಬೇಕೆಂದರೆ ಗಂಬೂಟಿನ ವಿಷಯದಿಂದ ಶುರು ಮಾಡಬೇಕು. ಅದಕ್ಕೆ ಹೇಳಲಿಲ್ಲ. ಕಚೇರಿಯ ಕೆಲಸವೆಂದು ಸುಳ್ಳು ಹೇಳಿ ಒಂದು ಬುಧವಾರ ಒಬ್ಬನೇ ಹುಬ್ಬಳ್ಳಿಗೆ ಹೋದೆ.

ಅಲ್ಲಿ ಸೂಜಿ ಹಾಕಿದರು. ನಾನು ಕಣ್ಣು ಮುಚ್ಚಿ, ನನ್ನ ಕೈಯಿಂದ ಚುಚ್ಚಿಸಿಕೊಂಡ ಎಲ್ಲ ಎಮ್ಮೆಗಳ ಕ್ಷಮೆ ಕೇಳಿದೆ. ಗಲ್ಲದೊಳಗಿನ ಒಂದು ಚೂರು ಕತ್ತರಿಸಿ, ಎರಡು ಹೊಲಿಗೆ ಹಾಕಿ, ಚೂರನ್ನು ಶೀಶೆಯಲ್ಲಿಟ್ಟು, "ಮುಂದಿನ ಗುರುವಾರ ರಿಪೋರ್ಟ್ ಬರುತ್ತೆ" ಎಂದು ಹಿರಿಯ ಡಾಕ್ಟರು ಹೇಳಿದರು. ಲೆಕ್ಕ ಹಾಕಿದೆ. ಎಂಟು ದಿನ. ಹೊರಗೆ ಬಂದರೆ ಬಿಸಿಲು, ಗದ್ದಲ, ರಿಕ್ಷಾಗಳು. ಮುಖದ ಎಡಭಾಗ ನನ್ನದಲ್ಲವೆಂಬಂತೆ ಜೋಮು ಹಿಡಿದಿತ್ತು. ರಸ್ತೆಯ ಬದಿಯಲ್ಲಿ ಒಬ್ಬ ಹಳೆಯ ಪುಸ್ತಕಗಳನ್ನು ಹಾಸಿಕೊಂಡು ಕುಳಿತಿದ್ದ. ನಾನು ಪುಸ್ತಕ ಓದುವವನಲ್ಲ. ಆದರೂ ಬಸ್ಸಿನಲ್ಲಿ ಯಾರಾದರೂ ಪರಿಚಯದವರು ಸಿಕ್ಕು ಮಾತಾಡಿಸಿದರೆ ಈ ಸೊಟ್ಟ ಬಾಯಿಯಿಂದ ಏನು ಹೇಳುವುದು? ಮುಖ ಮುಚ್ಚಿಕೊಳ್ಳಲಿಕ್ಕೆ ದೊಡ್ಡದೊಂದು ಪುಸ್ತಕ ಬೇಕಾಗಿತ್ತು. ದಪ್ಪಗಿದ್ದುದನ್ನು ಎತ್ತಿಕೊಂಡೆ. ರಟ್ಟು ಹರಿದುಹೋಗಿ ಹೆಸರೇ ಇರಲಿಲ್ಲ.

ಬಸ್ಸು ಊರು ದಾಟುವ ಹೊತ್ತಿಗೆ ಅದು ಹೆದರಿಕೆಯ ಕಾದಂಬರಿಯೆಂದು ತಿಳಿಯಿತು. ದೆವ್ವ ಭೂತ ಏನೂ ಇಲ್ಲ. ಒಬ್ಬಳು ಹೆಣ್ಣುಮಗಳು ಗಂಡನ ಜೊತೆ ಹೊಸ ಬಾಡಿಗೆ ಮನೆಗೆ ಬರುತ್ತಾಳೆ. ಮರುದಿನ ನೋಡಿದರೆ ಉಪ್ಪಿನ ಡಬ್ಬಿ ಇದ್ದಲ್ಲಿ ಸಕ್ಕರೆ ಡಬ್ಬಿ ಇರುತ್ತದೆ. ಗಡಿಯಾರ ಐದು ನಿಮಿಷ ಹಿಂದಾಗಿರುತ್ತದೆ. ಮೂರನೆಯ ದಿನ ಕನ್ನಡಿಯ ಹಿಂದೆ ಒಂದು ಚೀಟಿ ಸಿಗುತ್ತದೆ, ಅವಳದೇ ಅಕ್ಷರದಲ್ಲಿ, ಅವಳು ಬರೆಯದ ಚೀಟಿ. ಗಂಡ ಬಲು ಒಳ್ಳೆಯವನು. ಅದೇ ಹೆದರಿಕೆ ಹುಟ್ಟಿಸುವ ಸಂಗತಿ. ಅವಳು ಯಾರಿಗೂ ಏನೂ ಹೇಳುವುದಿಲ್ಲ, ಹೇಳಿದರೆ ಹುಚ್ಚಿ ಅಂದಾರು ಎಂದು. ಒಬ್ಬಳೇ ಮನೆಯೊಳಗೆ ಡಬ್ಬಿಗಳನ್ನು ಎಣಿಸುತ್ತ ಓಡಾಡುತ್ತಾಳೆ. ನಾನು ನನ್ನ ಸ್ಟಾಪು ದಾಟಿ ಮುಂದೆ ಹೋದೆ. ಎರಡು ಕಿಲೋಮೀಟರು ತಿರುಗಿ ನಡೆದು ಬಂದೆ.

ಮನೆಯಲ್ಲಿ ಕುಕ್ಕರು ಸೀಟಿ ಹೊಡೆಯಿತು. ನಾನು ಕುರ್ಚಿಯಿಂದ ಒಂದು ಗೇಣು ಮೇಲೆ ಹಾರಿದೆ. ಗಿರಿಜಾ ಅಡುಗೆಮನೆಯಿಂದ ಇಣುಕಿದಳು.

"ಯಾಕ್ರಿ, ಏನಾತು? ಮಾರಿ ನೋಡ್ರಿ, ಬೂದಿ ಬಳದಂಗ ಆಗೇತಿ."

ಕೈಯಲ್ಲಿ ಪುಸ್ತಕವಿತ್ತು. ಬಾಯಿಂದ ಮಾತು ತಾನಾಗಿ ಬಂತು. "ಈ ಪುಸ್ತಕ ನೋಡ. ಅಗದಿ ಹೆದರಿಕಿ ಐತಿ."

"ಅಂಥಾವ ಯಾಕ ಓದಬೇಕು? ಮತ್ತ ಬಾಯಿ ಯಾಕ ಬಾತೈತಿ?"

"ಹಲ್ಲಿಂದು. ತೋರಿಸಿಕೊಂಡು ಬಂದೆ."

ಅಷ್ಟರಲ್ಲಿ ಎಲ್ಲ ಮುಗಿಯಿತು. ನನ್ನ ಹೆದರಿಕೆಗೆ ಒಂದು ಪುಸ್ತಕ ಸಿಕ್ಕಿತು, ಬಾತ ಬಾಯಿಗೆ ಒಂದು ಹಲ್ಲು ಸಿಕ್ಕಿತು. ಇಷ್ಟು ಸುಲಭವಾಗಿ ಸುಳ್ಳು ಹೇಳಲು ಬರುತ್ತದೆಂದು ಗೊತ್ತಿದ್ದರೆ ಇಲಾಖೆಯಲ್ಲಿ ಎಷ್ಟೋ ಮೇಲೆ ಬರುತ್ತಿದ್ದೆ. ಅವತ್ತಿನಿಂದ ನಾನು ಮನೆಯಲ್ಲಿ ರಾಜಾರೋಷವಾಗಿ ಹೆದರಿದೆ. ತಟ್ಟೆಯ ಮುಂದೆ ಕುಳಿತು ಗೋಡೆ ನೋಡಿದರೆ, "ಪುಸ್ತಕದ್ದ ವಿಚಾರೇನು?" ಎಂದು ಅವಳೇ ಕೇಳುತ್ತಿದ್ದಳು. ಹೌದೆನ್ನುತ್ತಿದ್ದೆ. ಅಳ್ನಾವರದಿಂದ ಮಗಳು ಫೋನು ಮಾಡಿದಾಗಲೂ, "ನಿಮ್ಮಪ್ಪಾಗ ಕಾದಂಬರಿ ಬಡದೈತಿ" ಎಂದು ಹೇಳಿದಳು. ನನಗೆ ಹಾಲಿನಲ್ಲಿ ನೆನೆಸಿದ ರೊಟ್ಟಿ ಬಂತು. ಅದು ಮೆಣಸಿನಕಾಯಿ ಬರುವ ಕಾಲ. ಓಣಿಯ ಮಾಳಿಗೆಗಳ ಮೇಲೆಲ್ಲ ಕೆಂಪಗೆ ಹರವಿ, ಸೀನಿದರೆ ಇಡೀ ಓಣಿ ಸೀನುವ ಕಾಲ. ಮನೆಯಲ್ಲಿ ಹೊಸ ಕೆಂಪುಖಾರ ರುಬ್ಬಿ ಇಟ್ಟಿದ್ದಳು. ಅದರ ಮುಂದೆ ಕುಳಿತು ಹಾಲುರೊಟ್ಟಿ ಹೀರುವಾಗ ನನ್ನ ಮೇಲೆ ನನಗೇ ಕನಿಕರ ಬಂತು.

ಆದರೆ ಪುಸ್ತಕವನ್ನು ಬರೀ ನೆಪಕ್ಕೆ ಹಿಡಿದಿದ್ದೆ ಎಂದರೆ ಅದೂ ಸುಳ್ಳಾಗುತ್ತದೆ. ಅದು ನನ್ನನ್ನು ಖರೇನೇ ಹಿಡಿದುಕೊಂಡಿತು. ಮಧ್ಯಾಹ್ನ ದವಾಖಾನೆಗೆ ದನಗಳು ಬರುವುದು ಕಡಿಮೆ. ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಕೊಂಡು ಓದುತ್ತಿದ್ದೆ. ಹತ್ತು ಪುಟ ಓದಿದ ಮೇಲೆ ನೆನಪಾಗುತ್ತಿತ್ತು: ಇಷ್ಟು ಹೊತ್ತು ನಾಲಿಗೆ ಹೊಲಿಗೆಯನ್ನು ಮುಟ್ಟಿಯೇ ಇಲ್ಲ. ಸ್ವಂತದ ಹೆದರಿಕೆ ಇದ್ದವನು ಇನ್ನೊಬ್ಬರ ಹೆದರಿಕೆಯನ್ನು ಯಾಕೆ ಓದಬೇಕು? ಕುಳಿತು ವಿಚಾರ ಮಾಡಿದೆ, ನನಗೆ ಬೇರೆ ಕೆಲಸವೂ ಇರಲಿಲ್ಲ. ಪುಸ್ತಕದ ಹೆದರಿಕೆಗೆ ಒಂದು ಬಲಗಡೆ ಇರುತ್ತದೆ. ಉಳಿದ ಪುಟಗಳು ಬೆರಳಿಗೆ ಸಿಗುತ್ತವೆ, ಓದಿದಂತೆ ತೆಳ್ಳಗಾಗುತ್ತವೆ. ಎಷ್ಟೇ ಕತ್ತಲೆ ಕವಿದರೂ, ಬರೆದವನೊಬ್ಬನಿದ್ದಾನೆ, ಅವನಿಗೆ ಕೊನೆ ಗೊತ್ತಿದೆ ಎಂಬ ಒಂದು ಆಧಾರ ಇರುತ್ತದೆ. ನನ್ನ ಗಲ್ಲದ ಕಥೆಯಲ್ಲಿ ಇನ್ನು ಎಷ್ಟು ಪುಟ ಉಳಿದಿವೆ ಎಂದು ಬೆರಳಿಗೆ ಸಿಗುತ್ತಿರಲಿಲ್ಲ. ಅದಕ್ಕೆ ಆ ಹೆಣ್ಣುಮಗಳ ಹೆದರಿಕೆಯಲ್ಲಿ ಹೋಗಿ ಕೂಡುತ್ತಿದ್ದೆ. ಅಲ್ಲಿ ಸ್ವಲ್ಪ ನೆರಳಿತ್ತು.

ಯಲ್ಲಪ್ಪನಿಗೂ ಅದರ ರುಚಿ ಹತ್ತಿತು. ಶುಕ್ರವಾರ ಕುಂಟುವ ಎಮ್ಮೆ ಹಿಡಿದುಕೊಂಡು ಬಂದವನು, "ಏನ್ ಓದಾಕ್ಹತ್ತೀರಿ ಡಾಕ್ಟ್ರ, ಕರದ್ರೂ ಕೇಳವಲ್ದು?" ಎಂದ. ಗೊರಸು ನೋಡುತ್ತ ನೋಡುತ್ತ ಕಥೆಯ ಅರ್ಧ ಹೇಳಿದೆ. ಮರುದಿನ ಅದೇ ಹೊತ್ತಿಗೆ ಮತ್ತೆ ಎಮ್ಮೆಯೊಂದಿಗೆ ಹಾಜರು.

"ಈಗೇನಾತೋ ಎಮ್ಮಿಗೆ?"

"ಎಮ್ಮಿಗೆ ಏನೂ ಆಗಿಲ್ರಿ. ಆ ಹೆಣ್ಣಮಗಳಿಗೆ ಏನಾತು?"

ಹೇಳಿದೆ. ಅವನು ಎಮ್ಮೆಯ ಬೆನ್ನ ಮೇಲೆ ಕೈಯೂರಿ ಬಹಳ ಹೊತ್ತು ವಿಚಾರ ಮಾಡಿ, "ಗಂಡನ ಮ್ಯಾಲೆ ನನಗ ಡೌಟ್ ಐತ್ರಿ. ಹೇಣತಿ ಕೂಡ ಅಷ್ಟ ಚಂದ ಮಾತಾಡಾಂವ ಏನರೆ ಮುಚ್ಚಿಟ್ಟಿರ್ತಾನ" ಎಂದ. ಹಿಂದಿನ ದಿನವೇ ನಾನು ಗಿರಿಜಾಳಿಗೆ ಹಾಲುರೊಟ್ಟಿ ಚಂದಾಗೇತಿ ಎಂದು ಎರಡು ಸಲ ಹೇಳಿದ್ದೆ. ಯಲ್ಲಪ್ಪ ಎಂದಿನಂತೆ ತಂಬಾಕಿನ ಚಂಚಿ ಬಿಚ್ಚಿ ನನ್ನ ಮುಂದೆ ಹಿಡಿದ. ಆ ಹದಿನೇಳು ದಿನ ಬಿಟ್ಟರೆ ಮೂವತ್ತು ವರ್ಷದಲ್ಲಿ ಮೊದಲ ಸಲ ಬೇಡವೆಂದೆ. ಅವನು ನನ್ನ ಮುಖ ನೋಡಿದ. ಚಂಚಿ ಕಟ್ಟಿಕೊಂಡು ಎಮ್ಮೆ ಹೊಡೆದುಕೊಂಡು ಹೋದ.

ತೊಂದರೆ ಎಲ್ಲಿ ಆಯಿತೆಂದರೆ, ಪುಸ್ತಕ ಶನಿವಾರ ಸಂಜೆಗೇ ಮುಗಿದುಹೋಯಿತು. ಯಾರು ಡಬ್ಬಿ ಸರಿಸುತ್ತಿದ್ದರು ಎಂದು ಇಲ್ಲಿ ಹೇಳುವುದಿಲ್ಲ, ರಟ್ಟಿಲ್ಲದ ಆ ಪುಸ್ತಕ ನಿಮ್ಮ ಕೈಗೂ ಬೀಳಬಹುದು. ರಿಪೋರ್ಟು ಬರುವುದು ಗುರುವಾರ. ಇನ್ನೂ ಐದು ದಿನ ಹೆದರಬೇಕು, ಮನೆಯಲ್ಲಿ ತೋರಿಸಲು ಬೇರೆ ಕಾರಣವಿಲ್ಲ. ರವಿವಾರ ಮುಂಜಾನೆ ಮತ್ತೆ ಮೊದಲ ಪುಟದಿಂದ ಶುರು ಮಾಡಿದೆ. ಈ ಸಲ ಎಲ್ಲ ಗೊತ್ತಿತ್ತು. ಆ ಹೆಣ್ಣುಮಗಳು ಉಪ್ಪಿನ ಡಬ್ಬಿಯ ಮುಂದೆ ನಿಂತಾಗ, ಹೇಳವ್ವಾ, ಯಾರಿಗಾದರೂ ಹೇಳು ಎಂದು ಮನಸ್ಸಿನಲ್ಲೇ ಅನ್ನುತ್ತಿದ್ದೆ. ಅವಳು ಕೇಳಲಿಲ್ಲ. ನಾನೂ ಕೇಳಲಿಲ್ಲ.

ಸೋಮವಾರ ದವಾಖಾನೆಗೆ ಹೋಗುವ ಅವಸರದಲ್ಲಿ ಪುಸ್ತಕವನ್ನು ಮನೆಯಲ್ಲೇ ಬಿಟ್ಟೆ. ಮಂಗಳವಾರವೂ ಅದು ನನ್ನ ಕೈಗೆ ಸಿಗಲಿಲ್ಲ. ಸಂಜೆ ಬಸ್ಸಿಳಿದು ಬಂದರೆ ಗಿರಿಜಾ ಕಟ್ಟೆಯ ಮೇಲೆ ಕುಳಿತಿದ್ದಳು. ಕನ್ನಡಕ ಹಾಕಿಕೊಂಡಿದ್ದಳು. ಮಡಿಲಲ್ಲಿ ಪುಸ್ತಕ, ಮುಚ್ಚಿತ್ತು. ಚಹಾ ಕೇಳುವ ವಾತಾವರಣ ಅಲ್ಲಿರಲಿಲ್ಲ.

"ಕೂಡ್ರಿ" ಎಂದಳು. ಕುಳಿತೆ.

"ಪೂರಾ ಓದಿದೆ. ನಿನ್ನೆ ಇವತ್ತ ಸೇರಿ ಮುಗೀತು. ನನಗೇನ ಹೆದರಿಕಿ ಬರಲಿಲ್ಲ. ಆ ಹೆಣ್ಣಮಗಳಿಗೆ ಬುದ್ಧಿ ಇಲ್ಲ. ಮೊದಲನೇ ದಿನಾನ ಬಾಜೂ ಮನಿಯಾಕಿಗೆ ಬಾಯಿ ಬಿಟ್ಟು ಹೇಳಿದ್ರ ಹತ್ತ ಪುಟದಾಗ ಮುಗದು ಹೋಗ್ತಿತ್ತು."

"ಹಂಗಾದ್ರ ಪುಸ್ತಕ ಹೆಂಗಾಗಬೇಕು?" ಎಂದೆ, ಹಗುರಾಗಿ.

"ಪುಸ್ತಕದ ಮಾತ ಬಿಡ್ರಿ. ಶನಿವಾರ ಸಂಜೀ ಮುಂದ ನೀವು ಇದನ್ನ ಮುಗಿಸಿ ಮುಚ್ಚಿಟ್ಟಿದ್ದು ನಾ ನೋಡೇನಿ. ರವಿವಾರ ಮತ್ತ ಮೊದಲಿಂದ ಹಿಡದ್ರಿ. ಮುಗಿದ ಪುಸ್ತಕಕ್ಕ ಯಾರು ಹೆದರ್ತಾರ್ರಿ? ಯಾರು ಏನು ಮಾಡ್ಯಾರಂತ ನಿಮಗ ಗೊತ್ತೈತಿ. ಆದ್ರೂ ನಿನ್ನೆ ಕುಕ್ಕರ ಸೀಟಿ ಹೊಡದ್ರ ಜಿಗದ್ರಿ." ಕನ್ನಡಕ ತೆಗೆದು ಮಡಿಚಿ ಪುಸ್ತಕದ ಮೇಲಿಟ್ಟಳು. "ನೀವು ಯಾವುದಕ್ಕ ಹೆದರೀರಿ? ಅದನ್ನ ಹೇಳ್ರಿ."

ಹೇಳಿದೆ. ಗಂಬೂಟಿನಿಂದ ಶುರು ಮಾಡಲಿಲ್ಲ, ಹಲ್ಲಿನ ಕ್ಯಾಂಪಿನಿಂದ ಶುರು ಮಾಡಿದೆ. ಕಲೆ, ಸೂಜಿ, ಶೀಶೆ, ಗುರುವಾರ. ಅವಳು ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಾಯಿ ತೆರೆಯಿರಿ ಎಂದಳು. ಕಟ್ಟೆಯ ಮೇಲೆ, ಓಣಿಯಲ್ಲಿ ಜನ ಓಡಾಡುತ್ತಿರುವಾಗ, ಮೊಬೈಲಿನ ಬೆಳಕು ಬಿಟ್ಟು ನನ್ನ ಗಲ್ಲದೊಳಗೆ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಸೆರಗಿನಿಂದ ನನ್ನ ಗದ್ದ ಒರೆಸಿ, "ಗುರುವಾರ ಇಬ್ರೂ ಹೋಗೂಣು" ಎಂದು ಒಳಗೆ ಹೋದಳು. ನಾನು ಕಟ್ಟೆಯ ಮೇಲೇ ಕುಳಿತೆ. ಆರು ದಿನದಿಂದ ಹಿಡಿದ ಉಸಿರು ಬಿಟ್ಟಂತಾಗಿ, ನಾಚಿಕೆಯಿಲ್ಲದೆ ನಿದ್ದೆ ಬರತೊಡಗಿತು.

ಗುರುವಾರ ಆಸ್ಪತ್ರೆಯ ಬೆಂಚಿನ ಮೇಲೆ ಎರಡು ತಾಸು ಕುಳಿತೆವು. ನಾನು ಅಭ್ಯಾಸಕ್ಕೆ ಪುಸ್ತಕ ತಂದಿದ್ದೆ. ಒಂದು ಸಾಲೂ ಒಳಗೆ ಇಳಿಯಲಿಲ್ಲ. ಬಾಜೂ ಕುಳಿತವಳಿಗೆ ಎಲ್ಲ ಗೊತ್ತಿದ್ದಾಗ ಪುಸ್ತಕಕ್ಕೆ ಮಾಡಲು ಕೆಲಸವೇ ಉಳಿದಿರಲಿಲ್ಲ. ಅದನ್ನು ಬೆಂಚಿನ ಮೇಲಿಟ್ಟು, ಎದುರಿನ ಗೋಡೆಯ ಮೇಲಿನ ಕ್ಯಾಲೆಂಡರು ಓದಿದೆ. ಹೆಸರು ಕರೆದರು. ನಾನು ಏಳುವ ಮೊದಲೇ ಗಿರಿಜಾ ಎದ್ದು, ಚೀಲವನ್ನು ಬೆಂಚಿನ ಮೇಲೇ ಮರೆತು, ಬೇರೆ ಯಾವುದೋ ಬಾಗಿಲಿನತ್ತ ನಡೆದಳು. ಆಗ ಗೊತ್ತಾಯಿತು, ಎರಡು ದಿನದಿಂದ ಅವಳೂ ತನ್ನ ಹೆದರಿಕೆ ಮುಚ್ಚಿಟ್ಟಿದ್ದಳು.

ಡಾಕ್ಟರು ಕಾಗದ ಎರಡು ಸಲ ತಿರುಗಿಸಿ ನೋಡಿ, "ಕ್ಯಾನ್ಸರ್ ಅಲ್ಲ" ಎಂದರು. "ಆದ್ರೆ ಇದು ಆ ದಾರೀಲಿ ಹೊರಟ ಕಲೆ. ತಂಬಾಕು ಇವತ್ತೇ ನಿಲ್ಲಬೇಕು. ಮೂರು ತಿಂಗಳಿಗೊಮ್ಮೆ ಬಂದು ತೋರಿಸಿ." ಮೊದಲ ಎರಡು ಶಬ್ದ ನನ್ನ ಕಿವಿಗೆ ಬಿದ್ದವು, ಉಳಿದವು ಗಿರಿಜಾಳ ಕಿವಿಗೆ ಬಿದ್ದವು. ಹೊರಗೆ ಬಂದು ಇಬ್ಬರೂ ಒಂದೊಂದು ಕಪ್ ಚಹಾ ಕುಡಿದೆವು. ಬಿಸಿ ಗಲ್ಲಕ್ಕೆ ಉರಿಯಿತು. ಆ ಉರಿಯೂ ರುಚಿಯಾಗಿತ್ತು.

ಮರಳುವ ಬಸ್ಸಿನಲ್ಲಿ ಅವಳು ಕಿಡಕಿಯ ಹೊರಗೆ ಹತ್ತಿಯ ಹೊಲಗಳನ್ನು ನೋಡುತ್ತ ಕುಳಿತಿದ್ದಳು. ಎಲ್ಲವನ್ನೂ ಹೇಳಿದ ಮೇಲೆ ಉಳಿದ ಒಂದನ್ನೂ ಹೇಳಿಬಿಡೋಣವೆಂದು ನಾನು ಗಂಟಲು ಸರಿಮಾಡಿಕೊಂಡೆ.

"ತಂಬಾಕ ನಾ ಎಲ್ಲಿ ಇಡ್ತಿದ್ದೆ ಅಂದ್ರ..."

"ಗಂಬೂಟದಾಗ" ಎಂದಳು, ಕಿಡಕಿಯಿಂದ ಮುಖ ತಿರುಗಿಸದೆ. "ಎಡಗಾಲಿಂದರಾಗ. ಮಳಿಗಾಲದಾಗ ಥಂಡಿ ಹಿಡೀತಿತ್ತು. ನಾನ ತಗದು ಬಿಸಲಿಗೆ ಒಣಗಿಸಿ ಮತ್ತ ಇಡ್ತಿದ್ದೆ. ಬೂಷ್ಟ ಹತ್ತಿದ್ದು ತಿಂದು ಏನರೆ ಆದೀತಂತ."

ನಾನು ಬಗ್ಗಿ ಕಾಲಲ್ಲಿದ್ದ ಚಪ್ಪಲಿ ನೋಡಿಕೊಂಡೆ.

"ನಿಮಗ ಅಪಮಾನ ಆಗಬಾರದಂತ ಸುಮ್ನಿದ್ದೆ. ಸುಮ್ನಿರಬಾರದಿತ್ತು" ಎಂದಳು. ಸ್ವಲ್ಪ ತಡೆದು, "ಆ ಪುಸ್ತಕದಾಕಿಗೆ ಬುದ್ಧಿ ಇಲ್ಲಂತ ಅಂದೆ. ನನಗೂ ಇರಲಿಲ್ಲ" ಎಂದಳು. ಬಸ್ಸು ಒಂದು ತಗ್ಗಿನಲ್ಲಿ ಇಳಿದು ಏರಿತು. ಅವಳ ಕೈ ನನ್ನ ಕೈಯ ಮೇಲೆ ಬಂದು ಬಿತ್ತು, ಊರು ಬರುವವರೆಗೂ ಅಲ್ಲೇ ಇತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಸುಧಾರಿಸಿದ ಮನುಷ್ಯನೆಂದು ನೀವು ತಿಳಿದುಕೊಳ್ಳುತ್ತಿದ್ದಿರಿ. ಹೆದರಿಕೆ ಇಳಿದ ನಾಲ್ಕನೆಯ ದಿನಕ್ಕೇ ಚಟ ಮರಳಿ ಬಂತು. ಎಂಟು ದಿನ ಎಲ್ಲಿ ಅಡಗಿತ್ತೋ, ಬಾಕಿಯನ್ನೆಲ್ಲ ಒಮ್ಮೆಲೇ ಕೇಳತೊಡಗಿತು. ಸಂಜೆ ಮನೆಯಲ್ಲಿ ಕುಳಿತರೆ ಕೈ ತಾನಾಗಿ ಅಂಗೈ ತಿಕ್ಕುತ್ತಿತ್ತು. ಲವಂಗ ಕೊಟ್ಟಳು, ಬಡೇಸೋಪು ಕೊಟ್ಟಳು. ಸಂತೆಗೆ ಹೋದವಳು ಎಲ್ಲಿಂದಲೋ ಇನ್ನೊಂದು ಹೆದರಿಕೆಯ ಕಾದಂಬರಿ ತಂದಳು. ಮೊದಲು ತಾನು ಓದಿದಳು, ಆಮೇಲೆ ನನ್ನ ಮುಂದಿಟ್ಟಳು. ತೆರೆದರೆ ಮೊದಲ ಪುಟದ ಮೇಲೆಯೇ ಪೆನ್ಸಿಲಿನಲ್ಲಿ ಬರೆದಿತ್ತು: "ಕೊಲೆ ಮಾಡಿದವ ಕಂಪೌಂಡರ."

ನನಗೆ ಸಿಟ್ಟು ಬಂತು. ಅಷ್ಟು ದಪ್ಪ ಪುಸ್ತಕದ ಸುಖವನ್ನೆಲ್ಲ ಒಂದು ಸಾಲಿನಲ್ಲಿ ಕೆಡಿಸಿದ್ದಳು. ಆದರೂ ಓದಿದೆ. ಆ ಕಂಪೌಂಡರನ ಮೇಲೆ ಕಣ್ಣಿಟ್ಟು, ಅವನು ಬಾಗಿಲು ತೆರೆದರೂ ನೀರು ಕುಡಿದರೂ ಸಂಶಯಪಡುತ್ತ, ನಾಲ್ಕು ಸಂಜೆ ಕುರ್ಚಿ ಬಿಟ್ಟು ಏಳದೆ ಓದಿದೆ. ಕೊನೆಯ ಪುಟ ಮುಟ್ಟಿದಾಗ ನೋಡಿದರೆ ಕಂಪೌಂಡರ ಪಾಪ, ಏನೂ ಮಾಡಿರಲಿಲ್ಲ. ಕೊಲೆ ಮಾಡಿದವನೇ ಬೇರೆ. ಮೂವತ್ತು ವರ್ಷದ ಸಂಸಾರದಲ್ಲಿ ನನ್ನ ಹೆಂಡತಿ ತಪ್ಪಿದ್ದು ಅದೇ ಮೊದಲು. ಪುಸ್ತಕ ಹಿಡಿದುಕೊಂಡೇ ಅಡುಗೆಮನೆಗೆ ಹೋಗಿ, "ನೀ ಪೂರಾ ಓದಿಲ್ಲ. ಕಂಪೌಂಡರ ಅಲ್ಲ" ಎಂದೆ.

ಅವಳು ರೊಟ್ಟಿ ತಟ್ಟುತ್ತಿದ್ದಳು. "ನನಗೂ ಗೊತ್ತೈತಿ" ಎಂದಳು. "ಹಂಗ ಬರದ್ರ ಖರೇ ಏನೋ ಸುಳ್ಳ ಏನೋ ನೋಡಾಕ ಪೂರಾ ಓದ್ತೀರಿ. ಅಷ್ಟೊತ್ತು ಬಾಯಾಗ ಏನೂ ಹಾಕ್ಕೊಳ್ಳೂದಿಲ್ಲ. ಅದಕ್ಕ ಬರದೆ."

ಈಗ ನಾಲ್ಕನೆಯ ಕಾದಂಬರಿ ನಡೆದಿದೆ. ಇದರ ಮೊದಲ ಪುಟದಲ್ಲಿ ಪೆನ್ಸಿಲಿನಲ್ಲಿ ಬರೆದ ಎರಡು ಹೆಸರುಗಳಿವೆ.